ಅಮ್ಮನ ಹಾಡಿಗೆ ಯಂತ್ರದ ರಾಗ

ಅಣ್ಣನ ಮಗಳ ಮದುವೆ ಗೊತ್ತಾದ ದಿನವೇ ಅಣ್ಣ ನನಗೆ ಫೋನ್ ಮಾಡಿ, "ಹಸೆಗೆ ಕರೆಯೋವಾಗ ಅಮ್ಮನ ಹಾಡೇ ಆಗಬೇಕು ನೋಡು" ಅಂದಿದ್ದ. ನಾನೂ ದೊಡ್ಡದಾಗಿ "ಆಗ್ಲಿ ಬಿಡು" ಅಂದೆ. ಆಮೇಲೆ ನನ್ನ ಕಷ್ಟ ಶುರುವಾಯಿತು.

ಅಮ್ಮ ಹೋಗಿ ಆರು ವರ್ಷವಾಯಿತು. ಅವಳ ಹಾಡಿನ ಪುಸ್ತಕ ನನ್ನ ಬೀರುವಿನಲ್ಲಿದೆ. ಅರಿಶಿನದ ಕೈಯಲ್ಲೇ ಪುಟ ತಿರುಗಿಸಿದ ಗುರುತು ಈಗಲೂ ಇದೆ. ಹಾಡಿನ ಎಂಟು ನುಡಿಯೂ ಅವಳದೇ ಅಕ್ಷರದಲ್ಲಿದೆ. ಧಾಟಿ ಮಾತ್ರ ನನಗೆ ಬರುವುದಿಲ್ಲ! ನೂರು ಸಲ ಕೇಳಿದ್ದೇನೆ, ಮದುವೆ ಮನೆಯಲ್ಲಿ ಹಿಂದೆ ಕೂತು ದನಿಯನ್ನೂ ಸೇರಿಸಿದ್ದೇನೆ. ಒಬ್ಬಳೇ ಹಾಡಲು ಹೊರಟರೆ ಮೊದಲ ಸಾಲು ದಾಟುವುದಿಲ್ಲ. ಅಮ್ಮ ಇದ್ದಾಳಲ್ಲ ಅಂತ ಕಲಿಯುವುದನ್ನು ಮುಂದೆ ಹಾಕಿದವಳು ನಾನು. ನಿಮ್ಮಲ್ಲೂ ಎಷ್ಟೋ ಜನ ಹೀಗೇ ಇರಬಹುದು.

ಆಗ ಬಂದವನು ಅಣ್ಣನ ಮಗ. "ಅತ್ತೆ, ತಲೆ ಕೆಡಿಸ್ಕೋಬೇಡಿ. ಅಜ್ಜಿ ಹಾಡಿನ ಫೋಟೋ ಕಳ್ಸಿ, ಎಐ ಹತ್ರ ರಾಗ ಹಾಕಿಸ್ತೀನಿ" ಅಂದ. ಕಳಿಸಿದೆ. ಕಾಫಿ ಆರುವಷ್ಟರಲ್ಲಿ ಹಾಡು ಬಂತು. ಕೊಳಲು, ತಬಲಾ, ಇಂಪಾದ ಹೆಣ್ಣು ದನಿ. ಅಮ್ಮನ ಮಾತುಗಳನ್ನು ಹಾಗೆ ಕೇಳಿ ಅಣ್ಣನ ಕಣ್ಣು ಒದ್ದೆಯಾಯಿತು. ಸುಳ್ಳು ಯಾಕೆ ಹೇಳಲಿ, ನನಗೂ ಇಷ್ಟವಾಯಿತು.

ರಾತ್ರಿ ಮಲಗಿದಾಗ ಮತ್ತೆ ಕೇಳಿದೆ. ಎಲ್ಲೋ ಏನೋ ಸರಿಯಿಲ್ಲ. 'ಳ'ಕಾರ ಬರುವ ಕಡೆಯೆಲ್ಲ 'ಲ'ಕಾರ. ಹೋಗಲಿ, ಅದು ಸಣ್ಣದು. ಆದರೆ ಹಾಡು ಎರಡೂವರೆ ನಿಮಿಷಕ್ಕೆ ಮುಗಿದುಹೋಯಿತು! ಹಸೆಗೆ ಕರೆಯುವ ಹಾಡು ಹಾಗೆ ಮುಗಿಯುವುದುಂಟೇ? ಮದುಮಗಳು ಒಳಗೆ ಸೆರಗು ಸರಿಮಾಡಿಕೊಳ್ಳುತ್ತಿರುತ್ತಾಳೆ, ಸೋದರಮಾವ ಎಲ್ಲೋ ಹೋಗಿರುತ್ತಾನೆ. ಅಮ್ಮ ಒಂದು ಕಣ್ಣು ಬಾಗಿಲ ಕಡೆ ಇಟ್ಟುಕೊಂಡು ಸಾಲನ್ನು ಎಳೆದೆಳೆದು ಹಾಡುತ್ತಿದ್ದಳು. ಹುಡುಗಿ ಹಸೆಯ ಮೇಲೆ ಕೂತ ಮೇಲೇ ಕೊನೆಯ ನುಡಿ. ಯಂತ್ರಕ್ಕೆ ಬಾಗಿಲು ಕಾಣಿಸುವುದಿಲ್ಲವಲ್ಲ!

ಮಾರನೇ ದಿನ ಇದನ್ನೇ ಹೇಳಿದ್ದಕ್ಕೆ ನಮ್ಮ ಹುಡುಗ ನಕ್ಕು, "ಅತ್ತೆ, ಇಂಥ ಹಾಡಿಗೆ ಅಂತಲೇ ಅಂತಾರಾಷ್ಟ್ರೀಯ ಸ್ಪರ್ಧೆ ಇದೆ ಗೊತ್ತಾ?" ಅಂದ. ಅವನು ಹೇಳಿದ್ದನ್ನು ಕೇಳಿ, ಆಮೇಲೆ ನಾನೂ ಒಂದಿಷ್ಟು ಓದಿಕೊಂಡೆ.

ಯೂರೋಪಿನಲ್ಲಿ ಯೂರೋವಿಷನ್ ಅಂತ ದೇಶದೇಶಗಳ ನಡುವೆ ಹಾಡಿನ ಸ್ಪರ್ಧೆ 1956ರಿಂದ ನಡೆದುಬಂದಿದೆ. 2020ರದ್ದು ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ನಡೆಯಬೇಕಿತ್ತು, ಕೊರೊನಾದಿಂದ ರದ್ದಾಯಿತು. ಅದೇ ವರ್ಷ ಅದೇ ದೇಶದ ವಿಪಿಆರ್‌ಓ ಎಂಬ ಪ್ರಸಾರ ಸಂಸ್ಥೆ, ಕೃತಕ ಬುದ್ಧಿಮತ್ತೆಯ ಸಹಾಯದಿಂದ ಕಟ್ಟಿದ ಹಾಡುಗಳಿಗೆ 'ಎಐ ಸಾಂಗ್ ಕಾಂಟೆಸ್ಟ್' ಶುರುಮಾಡಿತು. ಮೊದಲ ವರ್ಷ 13 ತಂಡಗಳು. ಜನರ ಮತದ ಜೊತೆಗೆ ತಜ್ಞರ ಅಂಕವೂ ಸೇರುತ್ತಿತ್ತು. ಹಾಡು ಹೇಗಿದೆ ಅನ್ನುವುದಷ್ಟೇ ಅಲ್ಲ, ಯಂತ್ರವನ್ನು ಹೇಗೆ ಬಳಸಿದಿರಿ ಅನ್ನುವುದನ್ನೂ ತಜ್ಞರು ನೋಡುತ್ತಿದ್ದರು.

ಗೆದ್ದದ್ದು ಆಸ್ಟ್ರೇಲಿಯಾದ ತಂಡ. ಅವರು ಮಾಡಿದ್ದೇನು ಗೊತ್ತೇ? ಅಲ್ಲಿ ಭಾರೀ ಕಾಳ್ಗಿಚ್ಚು ಎದ್ದು ಅಸಂಖ್ಯಾತ ಪ್ರಾಣಿಪಕ್ಷಿಗಳು ಸತ್ತಿದ್ದವು. ಈ ತಂಡದವರು ತಮ್ಮ ನಾಡಿನ ಕೊವಾಲಾ, ಕೂಕಬರಾ ಹಕ್ಕಿ, ಟಾಸ್ಮೇನಿಯನ್ ಡೆವಿಲ್ ಇವುಗಳ ಕೂಗನ್ನು ಯಂತ್ರಕ್ಕೆ ಕೇಳಿಸಿ, ಅದರಿಂದ ಹುಟ್ಟಿದ ದನಿಯನ್ನು ಹಾಡಿಗೆ ಸೇರಿಸಿದರು.

ನನಗೆ ಇನ್ನೂ ಹಿಡಿಸಿದ್ದು 2022ರಲ್ಲಿ ಗೆದ್ದ ಥಾಯ್ಲೆಂಡಿನ ಹಾಡು. ನಮ್ಮ ಹಾರ್ಮೋನಿಯಂನಲ್ಲಿ ಒಂದು ಸ್ಥಾಯಿಗೆ 12 ಮನೆಗಳಲ್ಲವೇ? ಥಾಯ್ ಸಾಂಪ್ರದಾಯಿಕ ಸಂಗೀತದಲ್ಲಿ ಅಷ್ಟೇ ಜಾಗವನ್ನು ಸುಮಾರಾಗಿ ಸಮನಾದ 7 ಪಾಲು ಮಾಡುತ್ತಾರಂತೆ. ಹಾಗಾಗಿ ಅವರ ಸ್ವರಗಳು ಹಾರ್ಮೋನಿಯಂ ಮನೆಗಳ ಸಂದಿಯಲ್ಲಿ ಬೀಳುತ್ತವೆ. ಪಾಶ್ಚಾತ್ಯ ಸಂಗೀತಕ್ಕೆ ಒಗ್ಗಿದ ಯಂತ್ರ ಅದನ್ನು ಎಳೆದು ತನ್ನ 12 ಮನೆಗೇ ಕೂರಿಸುತ್ತದೆ. ಆ ಕಲಾವಿದ ಸುಮ್ಮನೆ ಒಪ್ಪಿಕೊಳ್ಳಲಿಲ್ಲ. ತಮ್ಮ ಶ್ರುತಿಯನ್ನು ಬಿಟ್ಟುಕೊಡದೆ, ತಮ್ಮ ವಾದ್ಯಗಳ ನಾದವನ್ನು ಯಂತ್ರದಿಂದ ಹೊರಡಿಸಿದ.

ಓದುತ್ತಾ ನನಗೆ ಹೊಳೆದದ್ದು ಇಷ್ಟು. ಕೊವಾಲಾ ಕೂಗು ಕೇಳಿಸಿದವರಿಗೆ ಅದು ಕೊವಾಲಾ ದನಿ ಕೊಟ್ಟಿತು. ಥಾಯ್ ಶ್ರುತಿಗೆ ಹಟ ಹಿಡಿದವನಿಗೆ ಥಾಯ್ ನಾದ ಕೊಟ್ಟಿತು. ನಾವು ಅಮ್ಮನ ಬರೀ ಅಕ್ಷರ ಕೊಟ್ಟೆವು. ದನಿ ಕೊಡಲಿಲ್ಲ. ಅದು ತನಗೆ ಗೊತ್ತಿದ್ದ ಸಿನಿಮಾ ಧಾಟಿಯನ್ನು ಹಾಕಿಕೊಟ್ಟಿತು. ಅದನ್ನು ಬೈದು ಏನು ಪ್ರಯೋಜನ? ಕೊಡಬೇಕಾದ್ದು ನಮ್ಮ ಹತ್ತಿರವೇ ಇರಲಿಲ್ಲ.

ಇರಲಿಲ್ಲ ಅಂದೆನಲ್ಲ, ಒಂದು ಕಡೆ ಇತ್ತು. ಅಮ್ಮನ ತಂಗಿ, ಸಾಗರದ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ಚಿಕ್ಕಮ್ಮ. ಎಂಬತ್ತೊಂದು ವರ್ಷ. ಹುಡುಗನನ್ನೂ ಕರೆದುಕೊಂಡು ಬಸ್ ಹತ್ತಿದೆ. "ಈಗ ದನಿ ಎಲ್ಲಿ ಬರ್ತದೆ ಮಾರಾಯ್ತಿ, ಮೊದ್ಲೇ ಬರೂಕಾಗಿತ್ತು" ಅಂತ ಗೊಣಗುತ್ತಲೇ ಗಂಟಲು ಸರಿಮಾಡಿಕೊಂಡರು. ಹುಡುಗ ಮೊಬೈಲನ್ನು ಕವಳದ ತಟ್ಟೆಯ ಪಕ್ಕ ಇಟ್ಟ. ಮೊದಲ ಸಾಲು, ಎರಡನೇ ಸಾಲು... ನನಗೆ ದಾಟಲಾಗದ ಜಾಗವನ್ನು ಅವರು ಸಲೀಸಾಗಿ ದಾಟಿದರು. ಐದನೇ ನುಡಿಗೆ ನಿಲ್ಲಿಸಿ, ಪುಸ್ತಕ ಓದಿಸಿ ಕೇಳಿದರು. "ಹ್ವಾಯ್, ನಿಮ್ಮಮ್ಮ ಇಲ್ಲೊಂದು ಸಾಲು ಬರ್ಯೂಕೆ ಮರ್ತಿದ್ದಾಳೆ!" ಆರು ವರ್ಷದಿಂದ ಕಾಪಾಡಿಕೊಂಡಿದ್ದ ಪುಸ್ತಕದಲ್ಲೇ ಒಂದು ಸಾಲು ಇರಲಿಲ್ಲ. ಅದನ್ನು ಅಲ್ಲೇ ಪೆನ್ಸಿಲಿನಲ್ಲಿ ಬರೆದುಕೊಂಡೆ.

ಎಂಟೂ ನುಡಿ ಮುಗಿಸುವಷ್ಟರಲ್ಲಿ ಚಿಕ್ಕಮ್ಮ ಎರಡು ಸಲ ಕೆಮ್ಮಿದರು, ಒಂದು ಸಲ ನೀರು ಕುಡಿದರು. ಎಲ್ಲವೂ ರೆಕಾರ್ಡಿನಲ್ಲಿದೆ. ಅಳಿಸಬೇಡ ಅಂತ ಹುಡುಗನಿಗೆ ಹೇಳಿದ್ದೇನೆ.

ಯಂತ್ರದ ಹಾಡನ್ನೂ ನಾವು ಬಿಸಾಡಲಿಲ್ಲ. ಮದುವೆ ಕರೆಯೋಲೆಯ ವಿಡಿಯೋಗೆ ಅದೇ ಹಾಕಿದ್ದು, ಎಲ್ಲರೂ ಮೆಚ್ಚಿದರು. ಹಸೆಗೆ ಕರೆಯುವಾಗ ಮಾತ್ರ ನಾನು, ಅತ್ತಿಗೆ, ಇನ್ನಿಬ್ಬರು ಹೆಂಗಸರು ಕೂತು ಹಾಡಿದೆವು. ಮೂರನೇ ನುಡಿಯಲ್ಲಿ ನಾನು ತಪ್ಪಿದೆ. ಸೋದರಮಾವನ ಶಾಲು ಸಿಗದೆ ತಡವಾದದ್ದರಿಂದ ಆರನೇ ನುಡಿಯನ್ನು ಎರಡು ಸಲ ಹಾಡಿದೆವು.

ನಿಮ್ಮ ಮನೆಯಲ್ಲಿ ಅಜ್ಜಿಯೋ ದೊಡ್ಡಮ್ಮನೋ ಹಾಡುವವರಿದ್ದರೆ ಈ ಭಾನುವಾರವೇ ಹೋಗಿ ಕೂತು ಹಾಡಿಸಿ, ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳಿ. ಮುಂದೆ ಮೊಮ್ಮಕ್ಕಳು ಅದನ್ನು ಯಂತ್ರಕ್ಕೆ ಕಲಿಸುತ್ತಾರೋ, ತಾವೇ ಕಲಿಯುತ್ತಾರೋ, ಅದು ಅವರಿಗೆ ಬಿಟ್ಟದ್ದು.