ಅಜ್ಜ, ಅಪ್ಪ, ಮಗ

ಮಕ್ಕಳೇ, ಕೊಯಮತ್ತೂರಿನಿಂದ ಪೂರ್ವಕ್ಕೆ ಸುಮಾರು 50 ಕಿಲೋಮೀಟರ್ ಹೋದರೆ ತಿರುಪ್ಪೂರು ಸಿಗುತ್ತದೆ. ನೀವು ತೊಟ್ಟಿರುವ ಬನಿಯನ್ನು ಅಲ್ಲಿಂದಲೇ ಬಂದಿರಬಹುದು. ಅಲ್ಲಿ ಈಗ ಹೊಲಿಗೆಯಂತ್ರದಷ್ಟೇ ಗಣಕಯಂತ್ರವೂ ಮುಖ್ಯ. ಯಾವ ದೇಶದವರು ಯಾವ ಬಣ್ಣದ ಅಂಗಿ ಕೇಳಿದ್ದಾರೆ, ಯಾರು ಎಷ್ಟು ಹೊಲಿದರು ಎಂಬ ಲೆಕ್ಕವೆಲ್ಲ ಅದರಲ್ಲಿರುತ್ತದೆ. ಕಂಪನಿಯ ಗಣಕಯಂತ್ರಗಳನ್ನು ತಂತಿಯಿಂದ ಜೋಡಿಸಿ, ಲೆಕ್ಕವನ್ನೆಲ್ಲ ಒಂದು ದೊಡ್ಡ ಯಂತ್ರದಲ್ಲಿ ಇಡುತ್ತಾರೆ. ಅದಕ್ಕೆ ಸರ್ವರ್ ಎಂದು ಹೆಸರು.

ಆ ಒಂದು ಯಂತ್ರ ಕೆಟ್ಟರೆ?

ಕೆಲವು ವರ್ಷಗಳ ಹಿಂದೆ ಅಲ್ಲಿನ ಒಂದು ಕಂಪನಿಯಲ್ಲಿ ಹಾಗೆಯೇ ಆಯಿತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿ ಕೆಲಸಕ್ಕಿದ್ದ. ದಿನವೂ ರಾತ್ರಿ ಲೆಕ್ಕದ ಪ್ರತಿಯನ್ನು ಟೇಪಿಗೆ ಇಳಿಸುವುದು ಅವನ ಪಾಲಿನ ಕೆಲಸ. ಟೇಪು ಎಂದರೆ ಹಳೆಯ ಹಾಡಿನ ಕ್ಯಾಸೆಟ್ಟಿನಲ್ಲಿದ್ದಂಥ ಕಾಂತೀಯ ಪಟ್ಟಿ. ಅವನು ಒಂದು ರಾತ್ರಿಯೂ ತಪ್ಪಿಸಲಿಲ್ಲ. ಆದರೆ ಸರ್ವರ್ ಕೆಟ್ಟ ದಿನ ಟೇಪುಗಳನ್ನು ಹಾಕಿ ನೋಡಿದರೆ ಒಂದನ್ನೂ ಓದಲು ಬರಲಿಲ್ಲ. ಟೇಪಿಗೆ ಬರೆಯುವ ಯಂತ್ರ ಕೆಟ್ಟು ತಿಂಗಳುಗಳೇ ಆಗಿದ್ದವು! ಪೀಸಿಗೆ ಇಷ್ಟು ಎಂದು ಹೊಲಿಯುವ ಹೆಂಗಸರ ಲೆಕ್ಕವೂ ಹೋಯಿತು. ಚೀಟಿಗಳನ್ನು ಹುಡುಕಿ ಕೂಲಿ ಕೊಡುವಷ್ಟರಲ್ಲಿ ಎರಡು ವಾರ ಕಳೆಯಿತು. ಅಷ್ಟು ದಿನ ಅವರ ಮನೆಗೆ ಅಕ್ಕಿ ಸಾಲದಲ್ಲೇ ಬಂದಿತು.

ಎಲ್ಲರೂ ಹುಡುಗನನ್ನು ಬೈದರು. ನನಗೆ ಅದು ಸರಿಯೆನಿಸಲಿಲ್ಲ. ಬರೆದುದನ್ನು ಆಗಾಗ ಓದಿ ನೋಡು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅದಕ್ಕೆ ಸಮಯವನ್ನೂ ಕೊಟ್ಟಿರಲಿಲ್ಲ. ದೊಡ್ಡವರೂ ಹೀಗೆ ಎಡವಿದ್ದಾರೆ. 1998ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆಯಲ್ಲಿ 'ಟಾಯ್ ಸ್ಟೋರಿ 2' ಎಂಬ ಮಕ್ಕಳ ಚಿತ್ರದ ಬಹುಭಾಗ ಅಳಿಸಿಹೋಯಿತು. ಪ್ರತಿ ಇಡುವ ಏರ್ಪಾಡೂ ಕೆಟ್ಟಿತ್ತು. ಮಗುವಿನ ಆರೈಕೆಗಾಗಿ ಮನೆಯಿಂದಲೇ ಕೆಲಸ ಮಾಡುತ್ತಿದ್ದ ತಾಯಿಯೊಬ್ಬರ ಬಳಿ ಒಂದು ಪ್ರತಿಯಿತ್ತು. ಅದರಿಂದ ಚಿತ್ರ ಉಳಿಯಿತು.

ಟೇಪುಗಳಲ್ಲಿ ಅಜ್ಜ, ಅಪ್ಪ, ಮಗ ಎಂಬ ಕ್ರಮವಿದೆ. ಸೋಮವಾರದಿಂದ ಶುಕ್ರವಾರದವರೆಗೆ ಐದು ಟೇಪು, ಇವು ಮಕ್ಕಳು. ಮುಂದಿನ ವಾರ ಇವುಗಳ ಮೇಲೆಯೇ ಮತ್ತೆ ಬರೆಯಬಹುದು. ಶನಿವಾರದ್ದು ಅಪ್ಪ, ಒಂದು ತಿಂಗಳು ಇರುತ್ತದೆ. ತಿಂಗಳ ಕೊನೆಯದು ಅಜ್ಜ. ಅಜ್ಜನನ್ನು ವರ್ಷದವರೆಗೆ ಮುಟ್ಟುವಂತಿಲ್ಲ. ನಿನ್ನೆಯ ಪ್ರತಿಯೊಂದೇ ಸಾಲದೆ ಎಂದು ನೀವು ಕೇಳಬಹುದು. ಸಾಲದು. ಲೆಕ್ಕದಲ್ಲಿ ತಪ್ಪು ನುಸುಳಿ ಹತ್ತು ದಿನವಾಗಿದ್ದರೆ ನಿನ್ನೆಯ ಪ್ರತಿಯಲ್ಲೂ ಅದೇ ತಪ್ಪು ಇರುತ್ತದೆ.

ಟೇಪು ಹಳೆಯದಾಯಿತು, ಈಗ ಎಲ್ಲವನ್ನೂ ಇಂಟರ್ನೆಟ್ಟಿನಲ್ಲಿ ಇಡಬಹುದು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 2011ರ ಫೆಬ್ರವರಿಯಲ್ಲಿ ಗೂಗಲ್ ಸಂಸ್ಥೆಯ ಜಿಮೇಲ್‌ನಲ್ಲಿ ಸಾವಿರಾರು ಜನರ ಪತ್ರಗಳು ಮಾಯವಾದವು. ಬೇರೆ ಬೇರೆ ಕಡೆ ಇಟ್ಟಿದ್ದ ಪ್ರತಿಗಳಿಗೂ ಅದೇ ದೋಷ ತಗುಲಿತ್ತು. ಕೊನೆಗೆ ಅವರು ಪತ್ರಗಳನ್ನು ಮರಳಿ ತಂದದ್ದು ಟೇಪಿನಿಂದ. ಯಂತ್ರದಿಂದ ಹೊರತೆಗೆದು ಬೀರುವಿನಲ್ಲಿಟ್ಟ ಟೇಪಿಗೆ ತಂತಿಯ ಮೂಲಕ ವೈರಸ್ ಬರಲಾರದು. ಆದರೆ ಆ ಬೀರು ಬೇರೆ ಕಟ್ಟಡದಲ್ಲಿರಬೇಕು. ಬೆಂಕಿ ಬಿದ್ದರೆ ಸರ್ವರ್ ಯಾವುದು, ಟೇಪು ಯಾವುದು ಎಂದು ಅದು ನೋಡುವುದಿಲ್ಲ.

ಆ ಹುಡುಗ ಈಗ ಕೊಯಮತ್ತೂರಿನ ಬೇರೊಂದು ಕಚೇರಿಯಲ್ಲಿದ್ದಾನೆ. ಮೊನ್ನೆ ಬಸ್ಸಿನಲ್ಲಿ ಸಿಕ್ಕಿದ. ತೊಡೆಯ ಮೇಲೆ ಊಟದ ಡಬ್ಬಿಯಂಥದೊಂದು ಪೆಟ್ಟಿಗೆ ಇತ್ತು. "ಏನಪ್ಪಾ ಅದು?" ಎಂದೆ.

"ಅಪ್ಪ, ಮೇಷ್ಟ್ರೇ. ಇವತ್ತು ಶನಿವಾರವಲ್ಲವೇ? ಓದಿ ನೋಡಿಯೇ ತಂದಿದ್ದೇನೆ" ಎಂದ.