ಐವತ್ತು ರೂಪಾಯಿಯ ಕಾವಲು

ಸಾಕುನಾಯಿ, ಬೆಕ್ಕುಗಳ ಬೋರ್ಡಿಂಗ್ ಕೇಂದ್ರವನ್ನು ಎ.ಸಿ. ಕೋಣೆ ನೋಡಿ ಆರಿಸುವುದಲ್ಲ, ಅದು ಬರೆದುಕೊಡುವ ಕಾಗದ ನೋಡಿ ಆರಿಸಬೇಕು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಬೀದಿನಾಯಿಗಳನ್ನು ಹಿಡಿದು ಆಶ್ರಯತಾಣಕ್ಕೆ ಸಾಗಿಸಿ ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರಂದು ಆದೇಶಿಸಿತು. ಅಲ್ಲಿಂದೀಚೆಗೆ ಚರ್ಚೆಯೆಲ್ಲ ಬೀದಿನಾಯಿಯ ಸುತ್ತಲೇ. ದಿನಕ್ಕಿಷ್ಟು ಎಂದು ಹಣ ಕೊಟ್ಟು ಬಿಟ್ಟುಹೋಗುವ ಮನೆನಾಯಿಯ ಗೂಡು ಹೇಗಿರಬೇಕು ಎಂಬ ಪ್ರಶ್ನೆ ಆ ಗದ್ದಲದಲ್ಲಿ ಏಳುವುದೇ ಇಲ್ಲ.

ಕಾನೂನು ಈ ಗೂಡಿಗೆ ಕಟ್ಟಿರುವ ಬೆಲೆ 50 ರೂಪಾಯಿ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಲುಗಾಡಲಾಗದ ಪಂಜರದಲ್ಲಿ ಕೂಡುವುದು, ಸಾಕಷ್ಟು ಅನ್ನ, ನೀರು, ನೆರಳು ಕೊಡದಿರುವುದು ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ದಂಡ 10ರಿಂದ 50 ರೂಪಾಯಿ. ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ 25ರಿಂದ 100 ರೂಪಾಯಿ ದಂಡ, ಇಲ್ಲವೇ ಮೂರು ತಿಂಗಳವರೆಗಿನ ಜೈಲು, ಇಲ್ಲವೇ ಎರಡೂ. ಪ್ರಾಣಿ ಯಾರ ವಶದಲ್ಲಿದೆಯೋ ಅವರೂ ‘ಮಾಲೀಕರು’ ಎಂದು ಇದೇ ಕಾಯ್ದೆಯ ವ್ಯಾಖ್ಯೆ ಹೇಳುತ್ತದೆ. ಅಂದರೆ ಬಿಟ್ಟುಹೋದ ಅಷ್ಟೂ ದಿನ ಬೋರ್ಡಿಂಗ್ ನಡೆಸುವವರು ಮಾಲೀಕರೇ. ಹೊಣೆ ಪೂರ್ತಿ ಅವರದು. ತಪ್ಪಿದರೆ ತೆರಬೇಕಾದದ್ದು ಒಂದು ನೋಟು. ದಂಡ ಹೆಚ್ಚಿಸುವ ತಿದ್ದುಪಡಿಯ ಕರಡನ್ನು ಕೇಂದ್ರ 2022ರ ನವೆಂಬರಿನಲ್ಲಿ ಪ್ರಕಟಿಸಿತು. ಅದು ಕರಡಾಗಿಯೇ ಉಳಿಯಿತು.

ಬೇರೆ ನಿಯಮಗಳಿಲ್ಲವೇ ಎಂದು ಕೇಳುವವರಿದ್ದಾರೆ. 2017ರ ನಿಯಮಗಳು ನಾಯಿಮರಿ ಹುಟ್ಟಿಸಿ ಮಾರುವವರಿಗೆ, 2018ರವು ಸಾಕುಪ್ರಾಣಿ ಮಾರುವ ಅಂಗಡಿಗೆ. 2017ರ ನಿಯಮಗಳ ‘ಬ್ರೀಡರ್’ ವ್ಯಾಖ್ಯೆಯಲ್ಲಿ ಬೋರ್ಡಿಂಗ್ ನಡೆಸುವವರ ಹೆಸರೂ ಇದೆ, ಆದರೆ ಆ ನಿಯಮಗಳ ಗಮನವೆಲ್ಲ ಮರಿ ಹುಟ್ಟಿಸುವುದು, ಮಾರುವುದರ ಮೇಲೆ. ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ನಿನಲ್ಲಿ ಐದು ವರ್ಷದ ಜೈಲಿದೆ ನಿಜ, ಆದರೆ ಅದು ಬೇಕೆಂದೇ ಅಥವಾ ತಿಳಿದೂ ತಿಳಿದು ಕೊಂದವರಿಗೆ, ಊನ ಮಾಡಿದವರಿಗೆ. ರಾತ್ರಿ ನೋಡಿಕೊಳ್ಳುವವರಿಲ್ಲದೆ ಸತ್ತ ನಾಯಿಗೆ ಅದು ಸುಲಭಕ್ಕೆ ಅನ್ವಯವಾಗದು. ಪಾಲಿಕೆಯ ಉದ್ದಿಮೆ ಪರವಾನಗಿ ವ್ಯಾಪಾರಕ್ಕೆ ಸಿಕ್ಕ ಒಪ್ಪಿಗೆಯೇ ಹೊರತು ಆರೈಕೆಗೆ ಸಿಕ್ಕ ಪ್ರಮಾಣಪತ್ರವಲ್ಲ. ಇಂಗ್ಲೆಂಡ್ ಬೋರ್ಡಿಂಗ್ ಕೇಂದ್ರಗಳಿಗೆ 1963ರಲ್ಲೇ ಕಾಯ್ದೆ ತಂದಿತು. 2018ರಿಂದ ಅಲ್ಲಿ ತಪಾಸಣೆ ನಡೆಸಿ ಒಂದರಿಂದ ಐದು ನಕ್ಷತ್ರ ಕೊಡುತ್ತಾರೆ. ಇಲ್ಲಿ ನಕ್ಷತ್ರ ಕೊಡುವವರು ಗೂಗಲ್ ಮ್ಯಾಪಿನ ಗಿರಾಕಿಗಳು.

ಉಳಿದದ್ದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಸೇವೆಯಲ್ಲಿ ಲೋಪವಾದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ದಾಟದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಆದರೆ ಆಯೋಗ ಕೇಳುವುದು ಪುರಾವೆ. ಬಿಲ್ ಮತ್ತು ಸಹಿಯಾದ ಫಾರ್ಮ್ ಬೇಕು ಎನ್ನುವುದು ಇದಕ್ಕೆ. ಏನೇ ಆದರೂ ನಮ್ಮ ಹೊಣೆಯಲ್ಲ ಎಂದು ಮೊದಲ ಸಾಲಿನಲ್ಲೇ ಬರೆದ ಫಾರ್ಮ್ ಕೊಟ್ಟರೆ ಅಲ್ಲಿಂದ ನಾಯಿಯೊಡನೆ ಮನೆಗೆ ಮರಳುವುದೇ ಸರಿ.

ಫಾರ್ಮಿನಲ್ಲಿ ಮೊದಲು ಇರಬೇಕಾದದ್ದು ಲಸಿಕೆಯ ದಿನಾಂಕ. ಪಾರ್ವೊ ಎಂಬ ಮಾರಕ ಸೋಂಕು ತಗಲಿದ ನಾಯಿಯಲ್ಲಿ ರೋಗ ಕಾಣಿಸಲು ಮೂರರಿಂದ ಏಳು ದಿನ ಬೇಕು. ಒಳಗೆ ಬರುವಾಗ ಅದು ಲವಲವಿಕೆಯಿಂದಲೇ ಇರುತ್ತದೆ. ಲಸಿಕೆ ಕಾರ್ಡ್ ಕೇಳದೆ ಒಳಗೆ ಬಿಟ್ಟುಕೊಳ್ಳುವವರು ನೆರೆಗೂಡಿನ ನಾಯಿಯದನ್ನೂ ಕೇಳಿರುವುದಿಲ್ಲ. ಫಿನಾಯಿಲ್ ವಾಸನೆಯನ್ನು ಶುಚಿತ್ವವೆಂದು ನಂಬುವುದೂ ಸಲ್ಲ. ತಿಂಗಳುಗಟ್ಟಲೆ ನೆಲದಲ್ಲಿ ಉಳಿಯುವ ಪಾರ್ವೊ ವೈರಸ್‌ಗೆ ಬೇಕಾದದ್ದು ಬ್ಲೀಚಿಂಗ್ ದ್ರಾವಣ. ಫಿನಾಯಿಲ್ ಬೆಕ್ಕಿಗಂತೂ ವಿಷ.

ಮಂಗಳೂರಿನಂಥ ಕರಾವಳಿ ಊರಿನಲ್ಲಿ ಮಳೆಗಾಲ ಇನ್ನೆರಡು ಪರೀಕ್ಷೆ ಒಡ್ಡುತ್ತದೆ. ಇಲಿಯ ಮೂತ್ರದಿಂದ ಹರಡುವ ಇಲಿಜ್ವರ ನಾಯಿಗೂ ಬರುತ್ತದೆ, ನಾಯಿಯಿಂದ ಮನುಷ್ಯರಿಗೂ ಬರಬಹುದು. ಹಾಗಾಗಿ ನೋಡಬೇಕಾದದ್ದು ಹಿತ್ತಿಲ ಚರಂಡಿ ಮತ್ತು ಆಹಾರದ ಚೀಲ ಇಟ್ಟ ಮೂಲೆ. ಎರಡನೆಯದು ಉಣುಗು: ಬಂದ ನಾಯಿಯ ಕಿವಿ, ಬೆರಳ ಸಂದಿ ಪರೀಕ್ಷಿಸದೆ ಒಳಗೆ ಬಿಟ್ಟರೆ ಜ್ವರ ತರುವ ಉಣುಗು ಎಲ್ಲ ಗೂಡುಗಳಿಗೂ ಹಬ್ಬುತ್ತದೆ.

ಬೋರ್ಡಿಂಗ್ ಜೊತೆಗೆ ಗ್ರೂಮಿಂಗನ್ನೂ ಮಾಡಿಸುವುದಾದರೆ, ಅದರಲ್ಲಿ ಅಪಾಯ ಇರುವುದು ಕತ್ತರಿಗಿಂತ ಹೆಚ್ಚಾಗಿ ಬಿಸಿಗಾಳಿಯಲ್ಲಿ. ನಾಯಿ ಸೆಕೆ ಕಳೆಯುವುದು ಮುಖ್ಯವಾಗಿ ಏದುಸಿರಿನಿಂದ. ಕರಾವಳಿಯ ತೇವದಲ್ಲಿ ಅದು ಅರ್ಧಂಬರ್ಧ ಮಾತ್ರ ಕೆಲಸ ಮಾಡುತ್ತದೆ. ಪಗ್, ಶಿಟ್ಜುವಿನಂಥ ಚಪ್ಪಟೆ ಮೂಗಿನವನ್ನು ಪಂಜರದಲ್ಲಿಟ್ಟು ಡ್ರೈಯರ್ ಹಾಕಿ ಕಣ್ಮರೆಯಾದರೆ ಕೆಲವೇ ನಿಮಿಷದಲ್ಲಿ ಜೀವಕ್ಕೆ ಕುತ್ತು. ಪಶುವೈದ್ಯರಿಲ್ಲದೆ ಮಂಪರಿನ ಮದ್ದು ಕೊಡುವ ಅಂಗಡಿ ಎಷ್ಟು ಅಗ್ಗವಾದರೂ ಬೇಡ.

ಕೊನೆಯದಾಗಿ ಮೂರು ಉತ್ತರ ಬರವಣಿಗೆಯಲ್ಲಿ ಬೇಕು: ರಾತ್ರಿ ಅಲ್ಲೇ ಮಲಗುವವರು ಯಾರು, ಕರೆಂಟು ಹೋದರೆ ಫ್ಯಾನಿಗೆ ಏನು ವ್ಯವಸ್ಥೆ, ತುರ್ತಿಗೆ ಯಾವ ಪಶುವೈದ್ಯರು ಮತ್ತು ಎಷ್ಟು ಖರ್ಚಿನವರೆಗೆ ಒಪ್ಪಿಗೆ. ಹೇಳದೆ ಹೋದಾಗಲೂ ಗೂಡಿನವರೆಗೆ ಕರೆದೊಯ್ದು, ಇವಕ್ಕೆ ಸಹಿ ಹಾಕಿಕೊಡುವ ಕೇಂದ್ರವನ್ನು ನಂಬಬಹುದು.