ಚೆಂಡು ಮೇಲೇರಬೇಕೇ? ಕೆಳಮುಖವಾಗಿ ಹೊಡೆಯಿರಿ

2021ರ ಆಗಸ್ಟ್ 7. ಟೋಕಿಯೋ ಒಲಿಂಪಿಕ್ಸ್‌ನ ಮಹಿಳಾ ಗಾಲ್ಫ್ ಸ್ಪರ್ಧೆಯ ಕೊನೆಯ ದಿನ. ಬೆಂಗಳೂರಿನ ಅದಿತಿ ಅಶೋಕ್ ನಾಲ್ಕು ದಿನಗಳ ಆಟವನ್ನು ಒಟ್ಟು 269 ಹೊಡೆತಗಳಲ್ಲಿ ಮುಗಿಸಿದರು. ಬೆಳ್ಳಿ ಮತ್ತು ಕಂಚು ಪಡೆದ ಇಬ್ಬರದೂ 268. ಗಾಲ್ಫ್‌ನಲ್ಲಿ ಕಡಿಮೆ ಹೊಡೆತ ಹೊಡೆದವರೇ ಗೆದ್ದವರು. ಒಂದೇ ಒಂದು ಹೊಡೆತ ಹೆಚ್ಚಾದದ್ದರಿಂದ ಅದಿತಿ ನಾಲ್ಕನೆಯವರಾದರು. ಅಂದು ಕ್ಲಬ್ಬುಗಳ ಚೀಲ ಹೊತ್ತು ಅವರೊಡನೆ ನಡೆದವರು ಅವರ ತಾಯಿ.

ಒಂದು ಹೊಡೆತದ ಬೆಲೆ ಇಷ್ಟು! ಹಾಗಾದರೆ ಸರಿಯಾದ ಹೊಡೆತ ಎಂದರೆ ಯಾವುದು? ಬಲಿಷ್ಠ ತೋಳಿನದೇ? ಅಲ್ಲ. ಅತಿ ದೂರ ಹೊಡೆಯುವವರ ಸಾಲಿನಲ್ಲಿ ಅದಿತಿ ಎಂದೂ ಮುಂದಿದ್ದವರಲ್ಲ. ನವಲಗುಂದ, ಅಣ್ಣಿಗೇರಿಯ ಎರೆಹೊಲಗಳ ನಾಡಿನ ಮಕ್ಕಳಿಗೆ ಗಾಲ್ಫ್ ಟಿ.ವಿ.ಯಲ್ಲಿ ಕಾಣುವ ಶ್ರೀಮಂತರ ಆಟ. ಆದರೆ ಅದರ ಹಿಂದಿನ ವಿಜ್ಞಾನ ಅವರ ಓಣಿಯಲ್ಲೇ ಇದೆ, ಕೈಯಲ್ಲೇ ಇದೆ.

ಹುಲ್ಲಿನ ಮೇಲಿರುವ ಚೆಂಡನ್ನು ಗುರಿಯತ್ತ ಹಾರಿಸಲು ಬಳಸುವ ಕ್ಲಬ್ಬಿಗೆ ‘ಐರನ್’ ಎನ್ನುತ್ತಾರೆ. ಅದರ ಲೋಹದ ತಲೆಯ ಮುಖ ನೆಟ್ಟಗಿರುವುದಿಲ್ಲ, ಹಿಂದಕ್ಕೆ ವಾಲಿರುತ್ತದೆ. 7ನೇ ನಂಬರಿನ ಐರನ್ನಿನಲ್ಲಿ ಈ ಓರೆ ಸುಮಾರು 30ರಿಂದ 34 ಡಿಗ್ರಿ. ಹೊಸದಾಗಿ ಕಲಿಯುವವರು ಇಲ್ಲೇ ತಪ್ಪುತ್ತಾರೆ. ಚೆಂಡು ಮೇಲೇರಬೇಕಲ್ಲ ಎಂದು ಹಿಂದಕ್ಕೆ ಬಾಗಿ, ಮಣಿಕಟ್ಟು ಮಡಚಿ, ಸೌಟಿನಿಂದ ಸಾರು ಎತ್ತುವಂತೆ ಅದನ್ನು ಎತ್ತಲು ಹೋಗುತ್ತಾರೆ. ಆಗ ಕ್ಲಬ್ಬು ಚೆಂಡಿಗಿಂತ ಮೊದಲೇ ನೆಲ ಕೆರೆಯುತ್ತದೆ, ಇಲ್ಲವೆ ಚೆಂಡಿನ ನೆತ್ತಿಗೆ ಬಡಿಯುತ್ತದೆ.

ನಿಜವಾಗಿ ಆಗಬೇಕಾದದ್ದು ಇದಕ್ಕೆ ವಿರುದ್ಧ. ಕ್ಲಬ್ಬು ಇನ್ನೂ ಕೆಳಗೆ ಇಳಿಯುತ್ತಿರುವಾಗಲೇ ಚೆಂಡಿಗೆ ತಾಗಬೇಕು. ನೆಲ ಕೆರೆಯುವುದು ಆಮೇಲೆ, ಚೆಂಡಿನ ಮುಂದೆ. ಮೇಲೆತ್ತುವ ಕೆಲಸವನ್ನು ಓರೆ ಮುಖವೇ ಮಾಡಿಕೊಳ್ಳುತ್ತದೆ. ಚಿಣಿಫಣಿ ಆಡುವವರಿಗೆ ಇದು ಹೊಸತಲ್ಲ. ಚಿಣಿಯ ಚೂಪು ತುದಿಗೆ ಮೇಲಿನಿಂದ ತಟ್ಟಿದರೆ ತಾನೇ ಅದು ಮೇಲಕ್ಕೆ ಪುಟಿಯುವುದು? ಅಲ್ಲಿ ಕೆಲಸ ಮಾಡುವುದು ಸನ್ನೆಯ ತತ್ವ, ಇಲ್ಲಿ ಓರೆ ಮುಖ. ಕಾರಣ ಬೇರೆಯಾದರೂ ಕೈಗೆ ಸಿಗುವ ಪಾಠ ಒಂದೇ.

ಓರೆ ಮುಖ ಚೆಂಡಿಗೆ ಹಿಮ್ಮುಖ ಗಿರಕಿಯನ್ನೂ ಕೊಡುತ್ತದೆ. ಹೀಗೆ ತಿರುಗುವ ಚೆಂಡು ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ, ಗಾಳಿ ಚೆಂಡನ್ನು ಮೇಲಕ್ಕೆ ತಳ್ಳುತ್ತದೆ. ಚೆಂಡಿನ ಹಾರಾಟದಲ್ಲಿ ಈ ಗಿರಕಿಯ ಪಾತ್ರವನ್ನು 1890ರ ದಶಕದಲ್ಲಿ ವಿವರಿಸಿದವರು ಎಡಿನ್‌ಬರೋ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಪಿ. ಜಿ. ಟೇಟ್. ಅವರ ಮಗ ಫ್ರೆಡ್ಡಿ 1896 ಮತ್ತು 1898ರಲ್ಲಿ ಬ್ರಿಟನ್ನಿನ ಅಮೆಚೂರ್ ಚಾಂಪಿಯನ್!

ಇನ್ನು ಎರಡನೆಯ ತಪ್ಪು, ಆತುರ. ಎತ್ತಿದ ಕ್ಲಬ್ಬನ್ನು ಚೆಂಡಿನತ್ತ ಇಳಿಸುವ ಕ್ರಿಯೆಗೆ ‘ಡೌನ್‌ಸ್ವಿಂಗ್’ ಎಂದು ಹೆಸರು. ನುರಿತ ಆಟಗಾರರಿಗೆ ಎತ್ತಲು ಸುಮಾರು ಮುಕ್ಕಾಲು ಸೆಕೆಂಡ್ ಬೇಕಾದರೆ, ಇಳಿಸಲು ಕಾಲು ಸೆಕೆಂಡ್ ಸಾಕು. ಈ ಕಾಲು ಸೆಕೆಂಡಿನಲ್ಲೂ ಒಂದು ಸರದಿ ಇದೆ. ಬಲಗೈ ಆಟಗಾರರಾದರೆ ಮೊದಲು ಮೈಭಾರ ಎಡಗಾಲಿನತ್ತ ಸರಿಯುತ್ತದೆ, ಟೊಂಕ ತಿರುಗುತ್ತದೆ. ಅನಂತರ ಎದೆ, ಆಮೇಲೆ ತೋಳು. ಮಡಚಿದ ಮಣಿಕಟ್ಟು ಬಿಚ್ಚಿಕೊಳ್ಳುವುದು ಎಲ್ಲಕ್ಕಿಂತ ಕೊನೆಗೆ. ಕಲಘಟಗಿ ಕಡೆ ಕಟ್ಟಿಗೆ ಒಡೆಯುವವರನ್ನು ಗಮನಿಸಿ ನೋಡಿ. ಪಳಗಿದ ಕೈ ಕೊಡಲಿಯನ್ನು ಬರೀ ತೋಳಿನಿಂದ ಎಳೆಯುವುದಿಲ್ಲ. ಇಡೀ ಮೈ ಕೆಲಸ ಮಾಡುತ್ತದೆ.

ಮಣಿಕಟ್ಟು ಯಾಕೆ ಕಾಯಬೇಕು? ಎತ್ತಿನ ಬಾರಕೋಲನ್ನು ನೆನಪಿಸಿಕೊಳ್ಳಿ. ಹಿಡಿಕೆಗೆ ಕೊಟ್ಟ ಶಕ್ತಿ ಬಾರಿನಗುಂಟ ಸಾಗಿ ತುದಿ ಮುಟ್ಟುತ್ತದೆ. ತುದಿಯ ದ್ರವ್ಯರಾಶಿ ಕಡಿಮೆ. ಆದ್ದರಿಂದ ಅದರ ವೇಗ ವಿಪರೀತ ಏರುತ್ತದೆ. ಆ ವೇಗ ಶಬ್ದದ ವೇಗವನ್ನೂ ಮೀರಿದಾಗ ‘ಛಟ್’ ಎಂಬ ಸದ್ದು ಕೇಳುತ್ತದೆ. ಗಾಲ್ಫ್ ಆಟಗಾರನ ತೋಳು ಹಿಡಿಕೆಯಾದರೆ ಕ್ಲಬ್ಬು ಬಾರು. 1968ರಲ್ಲಿ ಕಾಕ್ರನ್ ಮತ್ತು ಸ್ಟಾಬ್ಸ್ ಎಂಬಿಬ್ಬರು ತಮ್ಮ ಪುಸ್ತಕವೊಂದರಲ್ಲಿ ಇದನ್ನು ಒಂದಕ್ಕೊಂದು ಜೋಡಿಸಿದ ಎರಡು ಲೋಲಕಗಳಿಗೆ ಹೋಲಿಸಿದರು. ಮಣಿಕಟ್ಟು ತಡವಾಗಿ ಬಿಚ್ಚಿಕೊಂಡರೆ ತೋಳಿನ ವೇಗ ತಗ್ಗುತ್ತದೆ, ಅದರ ಶಕ್ತಿ ಕ್ಲಬ್ಬಿನ ತಲೆಗೆ ಸೇರುತ್ತದೆ. ಆತುರಪಟ್ಟು ಮೊದಲೇ ಬಿಚ್ಚಿದರೆ ಆ ವೇಗ ಚೆಂಡು ತಲುಪುವ ಮುನ್ನವೇ ಖರ್ಚಾಗಿರುತ್ತದೆ.

ಈಗ ಒಂದು ಲೆಕ್ಕ ಮಾಡೋಣ. ಚೆಂಡಿನ ದ್ರವ್ಯರಾಶಿ ಸುಮಾರು 46 ಗ್ರಾಂ. ಅದು ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಹಾರಿತೆನ್ನಿ. ಕ್ಲಬ್ಬು ಮತ್ತು ಚೆಂಡಿನ ಸ್ಪರ್ಶ ಒಂದು ಸೆಕೆಂಡಿನ ಎರಡು ಸಾವಿರದ ಒಂದು ಭಾಗ ಮಾತ್ರ. ಸಂವೇಗದ ಬದಲಾವಣೆಯನ್ನು ಕಾಲದಿಂದ ಭಾಗಿಸಿದರೆ ಸರಾಸರಿ ಬಲ 4600 ನ್ಯೂಟನ್, ಅಂದರೆ ನಾಲ್ಕೂವರೆ ಕ್ವಿಂಟಲಿಗೂ ಮಿಕ್ಕಿದ ಭಾರ! ಅಷ್ಟು ಚಿಕ್ಕ ಕ್ಷಣದಲ್ಲಿ ಏನನ್ನೂ ತಿದ್ದಲಾಗದು. ಸ್ಪರ್ಶದ ಸುದ್ದಿ ಮಿದುಳಿಗೆ ಮುಟ್ಟುವ ಹೊತ್ತಿಗೆ ಚೆಂಡು ಹೋಗಿಯಾಗಿರುತ್ತದೆ. ತಿದ್ದುವುದೇನಿದ್ದರೂ ಮೊದಲೇ, ಅಭ್ಯಾಸದಲ್ಲಿ.

ಅಭ್ಯಾಸಕ್ಕೆ ಕ್ಲಬ್ಬೇ ಬೇಕೆಂದಿಲ್ಲ. ಅಂಗಳದಲ್ಲಿ ಸುಣ್ಣದಿಂದ ಒಂದು ಗೆರೆ ಎಳೆಯಿರಿ. ಅದು ಎರಡು ಪಾದಗಳ ನಡುವೆ ಬರುವಂತೆ ನಿಂತು, ಎದೆಯೆತ್ತರದ ಸಪೂರ ಕೋಲೊಂದನ್ನು ನಿಧಾನವಾಗಿ ಬೀಸಿ. ಸುತ್ತ ಹತ್ತು ಹೆಜ್ಜೆಯೊಳಗೆ ಯಾರೂ ಇರಬಾರದು. ಬಲಗೈಯವರ ಕೋಲು ಪ್ರತಿ ಸಲವೂ ಗೆರೆಯ ಎಡಕ್ಕೆ ಮಣ್ಣು ಸವರಬೇಕು. ಬಲಕ್ಕೆ ಸವರಿದರೆ ಮೈಭಾರ ಹಿಂದೆಯೇ ಉಳಿದಿದೆ ಎಂದರ್ಥ. ಇನ್ನೊಂದು ಪರೀಕ್ಷೆಯೆಂದರೆ, ‘ಸುಂಯ್’ ಎಂಬ ಸದ್ದು ಕೋಲು ಮೇಲಿರುವಾಗ ಬಂದರೆ ಆತುರ, ಕೆಳಗೆ ಎಡಗಾಲಿನ ಬಳಿ ಬಂದರೆ ಸರಿ. ಪಾಲಕರು ಪಕ್ಕದಲ್ಲಿ ನಿಂತು ‘ಜೋರಾಗಿ ಹೊಡಿ’ ಎನ್ನದೆ, ಮಣ್ಣಿನ ಗುರುತು ಎಲ್ಲಿ ಬಿತ್ತೆಂದು ಮಕ್ಕಳಿಗೆ ತೋರಿಸಿದರೆ ಸಾಕು.

ಬೆಂಗಳೂರಿನಲ್ಲಿ ಬೇರೆಯವರ ಗಾಲ್ಫ್ ಚೀಲ ಹೊರುವ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಕ್ಯಾಡಿಯ ಕೆಲಸದಲ್ಲಿ ಹೊಡೆಯುವುದಕ್ಕಿಂತ ನೋಡುವುದೇ ಹೆಚ್ಚು. ಹಾಗೆ ನೋಡುವ ಕಣ್ಣಿದ್ದರೆ ಕಟ್ಟಿಗೆಯ ಕೊಡಲಿಯೂ, ಎತ್ತಿನ ಬಾರಕೋಲೂ ಪಾಠ ಹೇಳುತ್ತವೆ. ಗೆರೆಯ ಯಾವ ಬದಿಗೆ ಮಣ್ಣು ಎದ್ದಿತು? ಇವತ್ತು ಸಂಜೆಯೇ ನೋಡಿ.